ಚೌಕದಲ್ಲಿ ಕಾಣುವ ದಿನಾಂಕ, ಸರ್ವರಿಗೆ ಹೋಗುವ ದಿನಾಂಕ

ಉಡುಪಿಯ ಸರ್ವಿಸ್ ಬಸ್ ನಿಲ್ದಾಣದ ಆಸುಪಾಸಿನ ಸೈಬರ್ ಸೆಂಟರಿನಲ್ಲಿ ಮಗುವಿನ ಶಾಲಾ ಪ್ರವೇಶದ ಅರ್ಜಿ ತುಂಬಲು ಕುಳಿತರೆ, ಜನ್ಮ ದಿನಾಂಕದ ಚೌಕ ಒಂದು ಕಂಪ್ಯೂಟರಿನಲ್ಲಿ ದಿನವನ್ನು ಮೊದಲು ಕೇಳಬಹುದು, ಪಕ್ಕದ ಕಂಪ್ಯೂಟರಿನಲ್ಲಿ ಅದೇ ಪುಟದ ಅದೇ ಚೌಕ ತಿಂಗಳನ್ನು ಮೊದಲು ಕೇಳಬಹುದು. ವೆಬ್ ಪುಟಗಳನ್ನು ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನ ‘ಡೇಟ್’ ಇನ್‌ಪುಟ್, ಅಂದರೆ ದಿನಾಂಕದ ಚೌಕ, ಹೇಗೆ ಕಾಣಬೇಕೆಂಬುದನ್ನು ಬ್ರೌಸರ್ ತನ್ನ ಭಾಷೆಯನ್ನೂ ಕಂಪ್ಯೂಟರಿನ ಪ್ರಾದೇಶಿಕ ಸೆಟ್ಟಿಂಗನ್ನೂ ನೋಡಿ ತಾನೇ ತೀರ್ಮಾನಿಸುವುದು ಇದಕ್ಕೆ ಕಾರಣ. ಪುಟದ ಭಾಷೆ ಕನ್ನಡವೆಂದು ಕೋಡಿನಲ್ಲಿ ಬರೆದಿಟ್ಟರೂ ಕ್ರೋಮ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ನಡೆಯುವ ಪರ್ಯಾಯಕ್ಕೆ ಕೋಣೆ ಕಾಯ್ದಿರಿಸುವವರಿಗೆ ಇದರಿಂದ ಹೆಚ್ಚಿನ ತೊಂದರೆಯಿಲ್ಲ; 18ನೇ ತಿಂಗಳು ಎಂಬುದೇ ಇಲ್ಲದ ಕಾರಣ ತಪ್ಪು ಅಲ್ಲಿಯೇ ಸಿಕ್ಕಿಬೀಳುತ್ತದೆ. ಆದರೆ 04/05 ಎಂಬುದು ಮೇ 4 ಆಗಬಹುದು, ಏಪ್ರಿಲ್ 5 ಕೂಡ ಆಗಬಹುದು. ಹೀಗೆ ಅದಲುಬದಲಾದರೂ ಸರಿಯಾಗಿಯೇ ತೋರುವ ದಿನಗಳು ವರ್ಷಕ್ಕೆ 132 ಇವೆ.

ಚೌಕ ಹೇಗೆ ಕಂಡರೂ ಅದರೊಳಗಿಂದ ಸರ್ವರಿಗೆ ಹೋಗುವುದು ಮಾತ್ರ ಯಾವಾಗಲೂ 2021-05-04 ಎಂಬ ಒಂದೇ ರೂಪ: ಮೊದಲು ವರ್ಷ, ಆಮೇಲೆ ತಿಂಗಳು, ಕೊನೆಗೆ ದಿನ. ಈ ಭರವಸೆ ಎಲ್ಲ ಬ್ರೌಸರುಗಳಲ್ಲಿ ಒಮ್ಮೆಗೇ ಬರಲಿಲ್ಲ. ಕ್ರೋಮ್‌ನಲ್ಲಿ 2012ರ ಹೊತ್ತಿಗೆ ಬಂದದ್ದು ಫೈರ್‌ಫಾಕ್ಸ್‌ಗೆ 2017ರಲ್ಲಿ, ಮ್ಯಾಕ್‌ನ ಸಫಾರಿಗೆ 2021ರಲ್ಲಿ ಬಂತು. ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಕೊನೆಯವರೆಗೂ ಅದನ್ನು ಬರಿಯ ಅಕ್ಷರದ ಚೌಕವಾಗಿಯೇ ತೋರಿಸಿತು. ಇಂದಿಗೂ ಸಣ್ಣಪುಟ್ಟ ವ್ಯತ್ಯಾಸಗಳಿವೆ. ಗರಿಷ್ಠ ಮಿತಿ ಕೊಡದಿದ್ದರೆ ಕ್ರೋಮ್ ವರ್ಷಕ್ಕೆ ಆರು ಅಂಕಿಗಳವರೆಗೂ ಜಾಗ ಕೊಡುತ್ತದೆ. ಐಫೋನಿನ ಸಫಾರಿ ಮಿತಿಯಾಚೆಯ ದಿನಗಳನ್ನೂ ಆಯ್ದುಕೊಳ್ಳಲು ಬಹುಕಾಲ ಬಿಡುತ್ತಿತ್ತು. ಆದ್ದರಿಂದ ಬ್ರೌಸರ್ ತಡೆಯುತ್ತದೆಂದು ನಂಬಿ ಸರ್ವರಿನಲ್ಲಿ ಮಿತಿಯನ್ನು ಪರಿಶೀಲಿಸದೆ ಬಿಡುವುದು ಸಲ್ಲದು.

ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಗಂಭೀರವಾದದ್ದು ಕಣ್ಣಿಗೆ ಕಾಣದ ಇನ್ನೊಂದು ತಪ್ಪು. ಬ್ರೌಸರಿನಲ್ಲಿ ಓಡುವ ಕೋಡಿನ ಭಾಷೆಯಾದ ಜಾವಾಸ್ಕ್ರಿಪ್ಟ್‌ನ ಹಳೆಯ ‘ಡೇಟ್’ ವಸ್ತು ದಿನವನ್ನು ದಿನವಾಗಿ ಇಟ್ಟುಕೊಳ್ಳದೆ, ಒಂದು ಕ್ಷಣವಾಗಿ, ಅಂದರೆ 1970ರ ಜನವರಿ 1ರಿಂದ ಎಣಿಸಿದ ಮಿಲಿಸೆಕೆಂಡುಗಳಾಗಿ ಇಟ್ಟುಕೊಳ್ಳುತ್ತದೆ. ಮಂಗಳೂರಿನಲ್ಲಿ 2019ರ ಜೂನ್ 2ರ ಮಧ್ಯರಾತ್ರಿ ಹನ್ನೆರಡು ಗಂಟೆಯೆಂದರೆ ಜಾಗತಿಕ ಸಮಯದಲ್ಲಿ (ಯುಟಿಸಿ) ಜೂನ್ 1ರ ಸಂಜೆ ಆರೂವರೆ. ಕ್ಯಾಲೆಂಡರಿನಲ್ಲಿ ಒತ್ತಿದ ದಿನವನ್ನು ಸ್ಥಳೀಯ ಮಧ್ಯರಾತ್ರಿಯೆಂದು ಹಿಡಿದು, ಅದನ್ನು ಜಾಗತಿಕ ಸಮಯಕ್ಕೆ ಬದಲಿಸಿ, ಮೊದಲ ಹತ್ತು ಅಕ್ಷರಗಳನ್ನಷ್ಟೇ ಇಟ್ಟುಕೊಂಡು ಉಳಿಸುವ ಕೋಡು ಬಹಳ ಕಡೆ ಇದೆ. ಅಲ್ಲಿ ಜೂನ್ 2ರಂದು ಹುಟ್ಟಿದ ಮಗು ಜೂನ್ 1ಕ್ಕೆ ಸರಿಯುತ್ತದೆ. ಒಂದನೇ ತರಗತಿಯ ವಯಸ್ಸನ್ನು ಜೂನ್ 1ಕ್ಕೆ ಲೆಕ್ಕ ಹಾಕುವ ನಮ್ಮ ರಾಜ್ಯದಲ್ಲಿ ಆ ಒಂದು ದಿನದಿಂದ ಪ್ರವೇಶದ ಅರ್ಹತೆಯೇ ಬದಲಾಗಬಹುದು. ಅದೇ ಅರ್ಜಿಯನ್ನು ತಿದ್ದಲೆಂದು ಮತ್ತೆ ತೆರೆದು ಉಳಿಸಿದರೆ ಮತ್ತೊಂದು ದಿನ ಹಿಂದಕ್ಕೆ ಹೋಗುವುದೂ ಉಂಟು.

ಓದುವಾಗ ಆಗುವ ತಪ್ಪು ಇದಕ್ಕೆ ತದ್ವಿರುದ್ಧ. 2019-06-02 ಎಂಬ ಬರಹವನ್ನು ಜಾವಾಸ್ಕ್ರಿಪ್ಟ್ ಜಾಗತಿಕ ಮಧ್ಯರಾತ್ರಿಯೆಂದು ಓದುತ್ತದೆ. ಮಂಗಳೂರಿನಲ್ಲಿ ಅದು ಅದೇ ದಿನದ ಬೆಳಗಿನ ಐದೂವರೆ, ದುಬೈಯಲ್ಲಿ ನಾಲ್ಕು ಗಂಟೆ, ನ್ಯೂಯಾರ್ಕಿನಲ್ಲಿ ಹಿಂದಿನ ರಾತ್ರಿ ಎಂಟು. ಹಾಗಾಗಿ ಇಲ್ಲಿ ಪರೀಕ್ಷಿಸಿದಾಗ ಎಲ್ಲವೂ ಸರಿ ಕಾಣುತ್ತದೆ, ಅಮೆರಿಕದಲ್ಲಿರುವ ತಂದೆ ಅದೇ ಅರ್ಜಿಯನ್ನು ತೆರೆದಾಗ ಮಾತ್ರ ಮಗುವಿನ ಜನ್ಮ ದಿನಾಂಕ ಒಂದು ದಿನ ಹಿಂದೆ ಇರುತ್ತದೆ.

ಹುಟ್ಟಿದ ದಿನಕ್ಕೆ ಗಂಟೆಯೂ ಬೇಡ, ಸಮಯವಲಯವೂ ಬೇಡ. ಅದನ್ನು ಚೌಕದಿಂದ ಬಂದ ಹತ್ತು ಅಕ್ಷರಗಳಾಗಿಯೇ ಸರ್ವರಿಗೆ ಕಳಿಸಿ, ಡೇಟಾಬೇಸಿನಲ್ಲಿಯೂ ಸಮಯವಿಲ್ಲದ ದಿನಾಂಕವಾಗಿ ಉಳಿಸುವುದು ಸರಿಯಾದ ಕ್ರಮ. 2025ರಲ್ಲಿ ಫೈರ್‌ಫಾಕ್ಸ್‌ನ 139ನೇ ಆವೃತ್ತಿಗೆ ಸೇರಿದ, ಜಾವಾಸ್ಕ್ರಿಪ್ಟ್‌ನ ಹೊಸ ‘ಟೆಂಪೊರಲ್’ ಸೌಲಭ್ಯದಲ್ಲಿ ಇಂಥ ಬರಿಯ ದಿನಾಂಕಕ್ಕೆಂದೇ ಒಂದು ಪ್ರತ್ಯೇಕ ಬಗೆಯಿದೆ. ಹುಟ್ಟಿದ ದಿನದಂಥ, ಬಾಯಿಪಾಠವಿರುವ ದಿನಾಂಕಕ್ಕೆ ಕ್ಯಾಲೆಂಡರಿನ ಬದಲು ದಿನ, ತಿಂಗಳು, ವರ್ಷ ಎಂಬ ಮೂರು ಚೌಕಗಳನ್ನು ಕೊಡುವಂತೆ ಬ್ರಿಟಿಷ್ ಸರ್ಕಾರದ ಜಾಲತಾಣಗಳ ವಿನ್ಯಾಸ ಸೂಚಿ ಹೇಳುತ್ತದೆ; ಎಪ್ಪತ್ತು ವರ್ಷದ ಹಿರಿಯರು ತಿಂಗಳು ತಿಂಗಳಾಗಿ ಹಿಂದಕ್ಕೆ ಒತ್ತುತ್ತ ಹೋಗುವುದನ್ನು ನೆನೆದರೆ ಆ ಸಲಹೆ ನನಗೆ ಪೂರ್ತಿ ಒಪ್ಪಿಗೆ. ಯಾವ ಬಗೆಯ ಚೌಕವಾದರೂ ಅದರ ಕೆಳಗೆ ‘4 ಮೇ 2021, ಮಂಗಳವಾರ’ ಎಂದು ಕನ್ನಡದಲ್ಲಿ ತೋರಿಸಿಬಿಟ್ಟರೆ, ಅರ್ಜಿ ಕಳಿಸುವ ಮೊದಲೇ ತಾಯಿಯೊಬ್ಬಳು ತಪ್ಪನ್ನು ಕಂಡುಹಿಡಿದು ತಿದ್ದಿಕೊಳ್ಳಬಹುದು.