ಸೆಪ್ಸಿಸ್‌ಗೆ ಮದ್ದು ಸಿಗೋದು ಯಾಕಿಷ್ಟು ಕಷ್ಟ?

ಉರಿಮೂತ್ರ, ನ್ಯುಮೋನಿಯಾ, ಶುಗರ್ ಇರುವವರ ಕಾಲಿನ ಹುಣ್ಣು. ಇವುಗಳಲ್ಲಿ ಯಾವುದು ಬೇಕಾದರೂ ಸೆಪ್ಸಿಸ್‌ಗೆ ತಿರುಗಬಹುದು. ಸೋಂಕಿನ ವಿರುದ್ಧ ಹೋರಾಡಬೇಕಾದ ದೇಹ ಹತೋಟಿ ತಪ್ಪಿ, ತನ್ನದೇ ಕಿಡ್ನಿ, ಶ್ವಾಸಕೋಶ, ಲಿವರ್‌ಗಳನ್ನು ಹಾಳು ಮಾಡಿಕೊಳ್ಳುವ ಸ್ಥಿತಿ ಅದು. 2017ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 4.9 ಕೋಟಿ ಜನರಿಗೆ ಸೆಪ್ಸಿಸ್ ಆಗಿತ್ತು, ಸುಮಾರು 1.1 ಕೋಟಿ ಜನ ತೀರಿಕೊಂಡರು ಎಂದು ಅಂದಾಜಿದೆ. ಇಷ್ಟಾದರೂ ಸೆಪ್ಸಿಸ್‌ಗೆ ಅಂತಲೇ ಎಲ್ಲ ಕಡೆ ಬಳಸುವ ಒಂದು ಔಷಧಿ ಇವತ್ತಿಗೂ ಇಲ್ಲ.

ಯಾರೂ ಪ್ರಯತ್ನ ಪಟ್ಟಿಲ್ಲ ಅಂತಲ್ಲ. ಇ. ಕೋಲೈ, ಕ್ಲೆಬ್ಸಿಯೆಲ್ಲಾ ತರಹದ ಬ್ಯಾಕ್ಟೀರಿಯಾಗಳ ಹೊರಪೊರೆಯಲ್ಲಿ ಎಂಡೋಟಾಕ್ಸಿನ್ ಎಂಬ ವಿಷವಸ್ತು ಇರುತ್ತದೆ. ಅದು ರಕ್ತಕ್ಕೆ ಸೇರಿದ ಕೂಡಲೇ ನಮ್ಮ ರೋಗನಿರೋಧಕ ಕೋಶಗಳು ಸೈಟೋಕೈನ್ ಎಂಬ ರಾಸಾಯನಿಕಗಳನ್ನು ಸುರಿಸುತ್ತವೆ. ರಕ್ತನಾಳಗಳು ಸೋರತೊಡಗುತ್ತವೆ, ಸಣ್ಣ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಬಿಪಿ ಇಳಿಯುತ್ತದೆ. ಹಾಗಾದರೆ ಈ ಸರಪಳಿಯನ್ನು ಎಲ್ಲಾದರೂ ಒಂದು ಕಡೆ ತುಂಡು ಮಾಡಿದರೆ ಸಾಕು, ಅಲ್ವಾ? ವಿಜ್ಞಾನಿಗಳು ಅಂದುಕೊಂಡದ್ದೂ ಅದನ್ನೇ. ಎಂಡೋಟಾಕ್ಸಿನ್ ಹಿಡಿಯುವ ಆ್ಯಂಟಿಬಾಡಿ, ಸೈಟೋಕೈನ್ ತಡೆಯುವ ಔಷಧಿ, ಎಂಡೋಟಾಕ್ಸಿನ್ ಗುರುತಿಸುವ ಕೋಶದ ಮೇಲಿನ ಗ್ರಾಹಕವನ್ನೇ (ರಿಸೆಪ್ಟರ್) ಮುಚ್ಚುವ ಎರಿಟೊರಾನ್, ಎಲ್ಲವನ್ನೂ ಪರೀಕ್ಷಿಸಿದರು. ದೊಡ್ಡ ಪ್ರಯೋಗಗಳಲ್ಲಿ ಒಂದೂ ನಿಲ್ಲಲಿಲ್ಲ. 2001ರಲ್ಲಿ ಅಮೆರಿಕದಲ್ಲಿ ಸೆಪ್ಸಿಸ್‌ಗೆಂದು ಒಪ್ಪಿಗೆ ಪಡೆದ ಝೈಗ್ರಿಸ್ ಎಂಬ ಔಷಧಿ ಕೂಡ, ಮತ್ತೊಂದು ದೊಡ್ಡ ಪ್ರಯೋಗದಲ್ಲಿ ಜೀವ ಉಳಿಸದೆ 2011ರಲ್ಲಿ ಮಾರುಕಟ್ಟೆಯಿಂದ ಹೊರಬಿತ್ತು.

ಇದಕ್ಕೆ ದೊಡ್ಡ ಕಾರಣ, ಸೆಪ್ಸಿಸ್ ಎಲ್ಲರಲ್ಲೂ ಒಂದೇ ತರಹ ಇರುವುದಿಲ್ಲ ಎಂಬುದು ಅಂತ ನನಗನ್ನಿಸುತ್ತದೆ. ಹೆರಿಗೆಯಾಗಿ ವಾರವಾದ ತಾಯಿಗೂ, ಎಪ್ಪತ್ತು ದಾಟಿದ ಶುಗರ್ ಪೇಷಂಟ್‌ಗೂ ಡಾಕ್ಟರು ಬರೆಯುವುದು ಅದೇ ಹೆಸರು. ಒಳಗೆ ಮಾತ್ರ ಒಬ್ಬರಲ್ಲಿ ಉರಿಯೂತ ಮಿತಿಮೀರಿರುತ್ತದೆ, ಇನ್ನೊಬ್ಬರಲ್ಲಿ ರೋಗನಿರೋಧಕ ಶಕ್ತಿಯೇ ಸುಸ್ತಾಗಿ ಕೂತಿರುತ್ತದೆ. ಉರಿಯೂತ ತಗ್ಗಿಸುವ ಔಷಧಿ ಮೊದಲನೆಯವರಿಗೆ ನೆರವಾದರೆ ಎರಡನೆಯವರಿಗೆ ಅಪಾಯ. ಇಬ್ಬರನ್ನೂ ಸೇರಿಸಿ ಲೆಕ್ಕ ಹಾಕಿದರೆ ಫಲಿತಾಂಶ ಸೊನ್ನೆ. ಯಾರಲ್ಲಿ ಏನು ನಡೆದಿದೆ ಎಂದು ಬೇಗ ಹೇಳುವ ರಕ್ತಪರೀಕ್ಷೆ ಬರುವವರೆಗೂ ಈ ದಾರಿ ಕಷ್ಟವೇ.

ಸದ್ಯಕ್ಕೆ ನಂಬಬಹುದಾದ ಮದ್ದು ಅಂದರೆ ಹೊತ್ತಿಗೆ ಸರಿಯಾಗಿ ಸಿಕ್ಕ ಸರಿಯಾದ ಆ್ಯಂಟಿಬಯೋಟಿಕ್. ಬಿಪಿ ಕುಸಿದ ಸೆಪ್ಸಿಸ್ ರೋಗಿಗಳಲ್ಲಿ ಅದು ಒಂದೊಂದು ಗಂಟೆ ತಡವಾದಂತೆ ಬದುಕುಳಿಯುವ ಪ್ರಮಾಣ ಸರಾಸರಿ ಶೇ. 7.6ರಷ್ಟು ಇಳಿಯಿತು ಎಂದು 2006ರ ಒಂದು ಅಧ್ಯಯನ ಹೇಳಿತ್ತು. ಆದರೆ ಸರಿಯಾದದ್ದು ಯಾವುದು? ನರ್ಸ್ ತೋಳಿನಿಂದ ರಕ್ತ ತೆಗೆದು ಎರಡು ಕಲ್ಚರ್ ಬಾಟಲಿಗಳಿಗೆ ಹಾಕುತ್ತಾರೆ. ಬಾಟಲಿ ಬೆಚ್ಚಗಿನ ಯಂತ್ರದೊಳಗೆ ಕೂರುತ್ತದೆ. ಬ್ಯಾಕ್ಟೀರಿಯಾ ಬೆಳೆದು ಇಂಗಾಲದ ಡೈಆಕ್ಸೈಡ್ ಬಿಟ್ಟಾಗ ಯಂತ್ರ ಅದನ್ನು ಗುರುತಿಸುತ್ತದೆ. ಇದಕ್ಕೇ ಹೆಚ್ಚುಕಡಿಮೆ ಒಂದು ದಿನ ಬೇಕು. ಯಾವ ಔಷಧಿಗೆ ಅದು ಬಗ್ಗುತ್ತದೆ ಎಂದು ತಿಳಿಯಲು ಇನ್ನೂ ಒಂದೆರಡು ದಿನ. ಅಲ್ಲಿಯವರೆಗೂ ಡಾಕ್ಟರು ಅಂದಾಜಿನ ಮೇಲೆ ಔಷಧಿ ಕೊಡಬೇಕು. ಮೆರೊಪೆನೆಮ್‌ನಂಥ ಪ್ರಬಲ ಆ್ಯಂಟಿಬಯೋಟಿಕ್ ಕೂಡ ನಾಟದಿದ್ದರೆ ಎಷ್ಟೋ ಸಲ ಕೊಲಿಸ್ಟಿನ್‌ಗೆ ಕೈಹಾಕುತ್ತಾರೆ. ಅದು 1950ರ ದಶಕದಿಂದ ಬಳಕೆಯಲ್ಲಿರುವ ಔಷಧಿ. ಕಿಡ್ನಿಗೆ ಪೆಟ್ಟು ಕೊಡುತ್ತದೆ ಅಂತಲೇ ನಡುವೆ ಬಹುಪಾಲು ಬದಿಗಿಟ್ಟಿದ್ದರು. ಮೊದಲೇ ಕಿಡ್ನಿ ಸೋತಿರುವವರಿಗೆ ಅದನ್ನೇ ಕೊಡಬೇಕಾಗಿ ಬಂದಿರುವುದು ಸಂಕಟದ ವಿಷಯ.

ಆದ್ದರಿಂದಲೇ ಹೊಸ ಆ್ಯಂಟಿಬಯೋಟಿಕ್‌ಗಾಗಿ ಬೆಂಗಳೂರಿನ ಬಳ್ಳಾರಿ ರಸ್ತೆಯ ಆಸುಪಾಸಿನ ಲ್ಯಾಬ್‌ಗಳಲ್ಲಿ ನಡೆಯುವ ಕೆಲಸ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. 2014ರಲ್ಲಿ ಆಸ್ಟ್ರಾಜೆನೆಕಾ ಬೆಂಗಳೂರಿನ ತನ್ನ ಸಂಶೋಧನಾ ಕೇಂದ್ರ ಮುಚ್ಚುವುದಾಗಿ ಹೇಳಿತು. ಅಲ್ಲಿ ಪಳಗಿದ ಕೆಲವರು ಸೇರಿ ಕಟ್ಟಿದ ಕಂಪನಿ ಬಗ್‌ವರ್ಕ್ಸ್. ಜಿಕೆವಿಕೆ (ಕೃಷಿ ವಿಶ್ವವಿದ್ಯಾಲಯ) ಆವರಣದಲ್ಲಿ, ಹೊಸ ಕಂಪನಿಗಳಿಗೆ ಲ್ಯಾಬ್ ಒದಗಿಸುವ ಸಿ-ಕ್ಯಾಂಪ್ ಎಂಬ ಕೇಂದ್ರದಲ್ಲಿ ಅದು ಬೆಳೆಯಿತು.

ಅವರಿಗೆ ಎದುರಾದ ತೊಡಕು ಹೀಗಿದೆ. ಇ. ಕೋಲೈ, ಕ್ಲೆಬ್ಸಿಯೆಲ್ಲಾ ಸೇರುವ ಗ್ರಾಂ-ನೆಗೆಟಿವ್ ಗುಂಪಿನ ಬ್ಯಾಕ್ಟೀರಿಯಾಗಳಿಗೆ ಎರಡು ಪೊರೆ. ಅದನ್ನು ದಾಟಿ ಔಷಧಿ ಒಳಹೊಕ್ಕರೂ, ಬೇಸ್‌ಮೆಂಟಿಗೆ ನುಗ್ಗಿದ ಮಳೆನೀರನ್ನು ಮೋಟಾರ್ ಹಾಕಿ ಎತ್ತುವ ಹಾಗೆ, ಪೊರೆಯಲ್ಲಿರುವ ಪಂಪ್‌ಗಳು ಅದನ್ನು ಹೊರಗೆ ಚೆಲ್ಲುತ್ತವೆ. ಈ ಪಂಪ್‌ಗಳ ಕೈಗೆ ಸುಲಭವಾಗಿ ಸಿಗದ ಅಣುಗಳನ್ನು ರೂಪಿಸುವುದು ಬಗ್‌ವರ್ಕ್ಸ್ ಗುರಿ. ಅವರ ಬಿಡಬ್ಲ್ಯುಸಿ0977 ಎಂಬ ಅಣು ಬ್ಯಾಕ್ಟೀರಿಯಾದ ಡಿಎನ್‌ಎ ಸುರುಳಿ ಬಿಡಿಸುವ ಎರಡು ಕಿಣ್ವಗಳನ್ನು ಒಟ್ಟಿಗೆ ಹಿಡಿಯುತ್ತದೆ. ಒಂದು ಕಿಣ್ವ ರೂಪ ಬದಲಿಸಿದರೂ ಇನ್ನೊಂದು ಸಿಕ್ಕಿಬಿದ್ದಿರುತ್ತದೆ, ಹಾಗಾಗಿ ಬ್ಯಾಕ್ಟೀರಿಯಾಗೆ ತಪ್ಪಿಸಿಕೊಳ್ಳುವುದು ಕಷ್ಟ. ಮನುಷ್ಯರ ಮೇಲಿನ ಮೊದಲ ಹಂತದ ಪರೀಕ್ಷೆ ಆಸ್ಟ್ರೇಲಿಯಾದಲ್ಲಿ ನಡೆಯಿತು. ಜಕ್ಕೂರಿನ ಜವಾಹರಲಾಲ್ ನೆಹರು ವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ಜಯಂತ ಹಲ್ದಾರ್ ತಂಡ ಬೇರೆ ದಾರಿ ಹಿಡಿದಿದೆ. ವ್ಯಾಂಕೊಮೈಸಿನ್‌ನಂಥ ಹಳೇ ಔಷಧಿಗೆ ಪೊರೆಯನ್ನೇ ಕೆಡಿಸುವ ಶಕ್ತಿ ಜೋಡಿಸಿ ಮತ್ತೆ ಹರಿತ ಮಾಡುವ ದಾರಿ ಅದು.

ವಿಜ್ಞಾನ ಗೆದ್ದರೂ ದುಡ್ಡಿನ ಪ್ರಶ್ನೆ ಉಳಿಯುತ್ತದೆ. ಹೊಸ ಆ್ಯಂಟಿಬಯೋಟಿಕ್ ಬಂದರೆ ಅದನ್ನು ಕಡಿಮೆ ಬಳಸಬೇಕು, ಕಟ್ಟಕಡೆಗೆ ಅಂತ ಎತ್ತಿಡಬೇಕು. ಕಡಿಮೆ ಬಳಸಿದರೆ ಕಂಪನಿ ಬದುಕುವುದು ಹೇಗೆ? ಅಮೆರಿಕದ ಅಚಾವೊಜೆನ್ ಕಂಪನಿಯ ಪ್ಲಾಜೊಮೈಸಿನ್ ಎಂಬ ಆ್ಯಂಟಿಬಯೋಟಿಕ್‌ಗೆ 2018ರಲ್ಲಿ ಒಪ್ಪಿಗೆ ಸಿಕ್ಕಿತು. ಮರುವರ್ಷವೇ ಕಂಪನಿ ದಿವಾಳಿ ಎದ್ದಿತು. ಬ್ರಿಟನ್ ಇದಕ್ಕೊಂದು ಉಪಾಯ ಮಾಡಿದೆ. 2022ರಿಂದ ಎರಡು ಆ್ಯಂಟಿಬಯೋಟಿಕ್‌ಗಳಿಗೆ, ಎಷ್ಟು ಡೋಸ್ ಖರ್ಚಾದರೂ ಸರಿ, ವರ್ಷಕ್ಕಿಷ್ಟು ಎಂದು ನಿಗದಿತ ಹಣ ಕೊಡುತ್ತಿದೆ. ನಮ್ಮ ಸರ್ಕಾರಗಳೂ ಇಂಥ ಒಪ್ಪಂದಕ್ಕೆ ಮುಂದಾಗಬೇಕು, ಅದರಲ್ಲಿ ಒಂದು ಷರತ್ತೂ ಇರಬೇಕು: ಬೆಂಗಳೂರಿನಲ್ಲಿ ಹುಟ್ಟಿದ ಔಷಧಿ ರಾಯಚೂರಿನ ಜಿಲ್ಲಾಸ್ಪತ್ರೆಯ ಐಸಿಯುನಲ್ಲೂ, ಕಲ್ಚರ್ ರಿಪೋರ್ಟ್ ನೋಡಿ ಬೇಕು ಅನ್ನಿಸಿದವರಿಗೆ, ಅದೇ ದಿನ ಸಿಗಬೇಕು.