ಟವೆಲ್ ಎಸೆದವರು ಯಾರು? ಬಾಕ್ಸಿಂಗ್ ಕಣದಿಂದ ಬಂದ ಸೋಲಿನ ನುಡಿಗಟ್ಟು

ಪ್ರಯತ್ನವನ್ನು ಕೈಬಿಟ್ಟು ಸೋಲೊಪ್ಪಿಕೊಂಡವರ ಬಗ್ಗೆ ಇಂಗ್ಲಿಷಿನಲ್ಲಿ ‘ಥ್ರೋ ಇನ್ ದ ಟವೆಲ್’, ಅಂದರೆ ಟವೆಲ್ ಎಸೆದರು, ಎನ್ನುವುದು ರೂಢಿ. ಕಣದಿಂದ ಹಿಂದೆ ಸರಿದ ಅಭ್ಯರ್ಥಿಗೂ ಬಾಗಿಲು ಮುಚ್ಚಿದ ಕಂಪನಿಗೂ ಸಲ್ಲುವ ಈ ಮಾತಿನಲ್ಲಿ ಎದೆಗಾರಿಕೆ ಸಾಲದಾಯಿತೆಂಬ ಆಕ್ಷೇಪವೂ ಎಷ್ಟೋ ಸಲ ಸೇರಿರುತ್ತದೆ. ಆದರೆ ಇದು ಹುಟ್ಟಿದ ಬಾಕ್ಸಿಂಗ್ ಕಣದಲ್ಲಿ ಟವೆಲ್ ಎಸೆಯುತ್ತಿದ್ದವನು ಸೆಣಸುತ್ತಿದ್ದ ಬಾಕ್ಸರ್ ಅಲ್ಲ, ಅವನ ಜೀವ ಕಾಯಲು ಮೂಲೆಯಲ್ಲಿ ನಿಂತಿದ್ದ ಸಹಾಯಕ.

ಲಂಡನ್ನಿನಲ್ಲಿ ಜ್ಯಾಕ್ ಬ್ರೌಟನ್ 1743ರಲ್ಲಿ ನಿಯಮಗಳನ್ನು ರೂಪಿಸಿದಾಗ ಬಾಕ್ಸಿಂಗ್ ಬರಿಗೈ ಕಾಳಗವಾಗಿತ್ತು. ಒಬ್ಬ ನೆಲಕ್ಕೆ ಬಿದ್ದರೆ ಅವನ ಸಹಾಯಕನು ಅರ್ಧ ನಿಮಿಷದೊಳಗೆ ಅವನನ್ನು ಕಣದ ನಡುವೆ ಸೀಮೆಸುಣ್ಣದಲ್ಲಿ ಬರೆದ ಚೌಕದ ಅಂಚಿಗೆ ತಂದು ನಿಲ್ಲಿಸಬೇಕಿತ್ತು. ಇಲ್ಲವಾದರೆ ಅವನು ಸೋತಂತೆ. 1838ರ ಲಂಡನ್ ನಿಯಮಗಳು ಇದನ್ನು ಬಿಗಿಗೊಳಿಸಿ, ಬಿದ್ದವನು ಯಾರ ಆಸರೆಯೂ ಇಲ್ಲದೆ ನಡುಗೆರೆಯವರೆಗೆ ನಡೆದು ಬರಬೇಕೆಂದವು. ನಿರೀಕ್ಷಿತ ಮಟ್ಟ ಮುಟ್ಟದ್ದನ್ನು ‘ನಾಟ್ ಅಪ್ ಟು ಸ್ಕ್ರ್ಯಾಚ್’ ಎನ್ನುವ ರೂಢಿಯನ್ನು ಬಳಕೆಗೆ ತಂದದ್ದರಲ್ಲಿ ನೆಲದ ಮೇಲೆ ಗೀರಿದ ಆ ಗೆರೆಯ ಪಾತ್ರ ದೊಡ್ಡದು.

ಆ ಕಾಲದಲ್ಲಿ ಸಹಾಯಕರ ಕೈಯಲ್ಲಿರುತ್ತಿದ್ದದ್ದು ರಕ್ತ ಒರೆಸುವ ಸ್ಪಂಜು. ತಮ್ಮವನಿಂದ ಇನ್ನಾಗದು ಎನ್ನಿಸಿದಾಗ ಅವರು ಅದನ್ನೇ ಮೇಲಕ್ಕೆಸೆಯುತ್ತಿದ್ದರು. ಹೀಗಾಗಿ ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷಿನಲ್ಲಿ ಸೋಲೊಪ್ಪುವುದೆಂದರೆ ‘ಸ್ಪಂಜು ಎಸೆಯುವುದು’; ಟವೆಲ್ ಅದರ ಜಾಗಕ್ಕೆ ಬಂದದ್ದು ಆಮೇಲೆ. 1889ರ ಜುಲೈ 8ರಂದು ಅಮೆರಿಕದ ಮಿಸಿಸಿಪ್ಪಿ ರಾಜ್ಯದ ರಿಚ್‌ಬರ್ಗ್‌ನಲ್ಲಿ ಜಾನ್ ಎಲ್. ಸಲಿವನ್ ಮತ್ತು ಜೇಕ್ ಕಿಲ್‌ರೇನ್ ಸುಡುಬಿಸಿಲಿನಲ್ಲಿ ಎರಡು ಗಂಟೆಗೂ ಮೀರಿ, 75 ಸುತ್ತು ಕಾದಾಡಿದರು. ಕಿಲ್‌ರೇನ್ ಇನ್ನೂ ಮುಂದುವರಿಯಲು ಸಿದ್ಧರಿದ್ದರೂ, ಅವರು ಸತ್ತೇ ಹೋಗಬಹುದೆಂದು ಹೆದರಿ ಪಂದ್ಯ ನಿಲ್ಲಿಸಿದವರು ಸಹಾಯಕ ಮೈಕ್ ಡೊನೋವನ್.

ಅಷ್ಟರಲ್ಲಿ 1867ರ ಕ್ವೀನ್ಸ್‌ಬರಿ ನಿಯಮಗಳು ಪ್ರಕಟವಾಗಿ ಎರಡು ದಶಕ ದಾಟಿದ್ದವು. ಕೈಗವಸು, ಮೂರು ನಿಮಿಷಗಳ ಸುತ್ತು, ಒಂದು ನಿಮಿಷದ ವಿರಾಮ, ಬಿದ್ದವನು ಏಳಲು 10 ಸೆಕೆಂಡು ಎಂಬ ಕಟ್ಟಳೆಗಳು ಅವುಗಳಿಂದ ಬಂದವು. ಸೋತು ನೆಲಕಚ್ಚಿದವರ ಬಗ್ಗೆ ಹೇಳುವ ‘ಡೌನ್ ಫಾರ್ ದ ಕೌಂಟ್’ ಎಂಬ ಮಾತಿನ ಹಿಂದಿರುವುದು ಈ ಹತ್ತರ ಎಣಿಕೆಯೇ.

ನಿಯಮಗಳು ಎಷ್ಟೇ ಸುಧಾರಿಸಿದರೂ ಮೂಲೆಯಲ್ಲಿ ನಿಂತವರ ಹೊಣೆ ಇಳಿಯಲಿಲ್ಲ. 1975ರಲ್ಲಿ ಮನಿಲಾದಲ್ಲಿ ಮುಹಮ್ಮದ್ ಅಲಿ ವಿರುದ್ಧದ ಪಂದ್ಯದ ಕೊನೆಯ ಸುತ್ತಿಗೆ ಮುಂಚೆ ಜೋ ಫ್ರೇಜಿಯರ್ ಅವರ ಕಣ್ಣುಗಳು ಊದಿ ಮುಚ್ಚಿಹೋಗುತ್ತಿದ್ದವು. ಅವರು ಪ್ರತಿಭಟಿಸಿದರೂ ತರಬೇತುದಾರ ಎಡ್ಡಿ ಫಚ್ ಪಂದ್ಯವನ್ನು ಅಲ್ಲಿಗೇ ನಿಲ್ಲಿಸಿದರು. 1982ರಲ್ಲಿ ಲಾಸ್ ವೇಗಸ್‌ನಲ್ಲಿ ದಕ್ಷಿಣ ಕೊರಿಯಾದ ಡುಕ್ ಕೂ ಕಿಮ್ ಅವರನ್ನು ಯಾರೂ ತಡೆಯಲಿಲ್ಲ. 14ನೆಯ ಸುತ್ತಿನಲ್ಲಿ ಕುಸಿದ ಅವರು ಕೆಲವೇ ದಿನಗಳಲ್ಲಿ ತೀರಿಕೊಂಡರು. ವಿಶ್ವ ಬಾಕ್ಸಿಂಗ್ ಕೌನ್ಸಿಲ್ ತನ್ನ ಪ್ರಶಸ್ತಿ ಪಂದ್ಯಗಳನ್ನು 15 ಸುತ್ತಿನಿಂದ 12ಕ್ಕೆ ಇಳಿಸಿದ್ದು ಈ ಸಾವಿನ ನಂತರ.

ಹೊರಗಿನ ಬಳಕೆಯಲ್ಲಿ ನುಡಿಗಟ್ಟಿಗೆ ಅಂಟಿದ ಕಳಂಕ ಈಗ ಕಣದೊಳಗೂ ಕಾಣಿಸುತ್ತಿರುವುದು ನನಗೆ ಕಳವಳದ ಸಂಗತಿ. 2020ರ ಫೆಬ್ರವರಿಯಲ್ಲಿ ಟೈಸನ್ ಫ್ಯೂರಿ ಅವರ ಏಟುಗಳಿಗೆ ಡಿಯೊಂಟೇ ವೈಲ್ಡರ್ ಅವರ ಕಿವಿಯಿಂದ ರಕ್ತ ಸುರಿಯುತ್ತಿದ್ದಾಗ, ಏಳನೆಯ ಸುತ್ತಿನಲ್ಲಿ ಸಹಾಯಕ ತರಬೇತುದಾರ ಮಾರ್ಕ್ ಬ್ರೀಲಂಡ್ ಟವೆಲ್ ಎಸೆದರು. ವೈಲ್ಡರ್ ಅದನ್ನು ಬಹಿರಂಗವಾಗಿ ಆಕ್ಷೇಪಿಸಿದರು. ಅದೇ ವರ್ಷ ಬ್ರೀಲಂಡ್ ಆ ತಂಡದಿಂದ ಹೊರಬಿದ್ದರು.