ಫೋಟೋದಲ್ಲಿರುವುದು ಯಾವ ಸ್ಯಾಂಡ್‌ಪೈಪರ್?

ಪ್ರಶ್ನೆ: ಚಳಿಗಾಲದಲ್ಲಿ ನಮ್ಮೂರ ಕೆರೆ ದಂಡೆಗೆ ಬರುವ ಕಂದು ಬಣ್ಣದ ಸಣ್ಣ ಹಕ್ಕಿಗಳ ಫೋಟೋ ತೆಗೆದಿದ್ದೇನೆ. ಕಾಮನ್, ಗ್ರೀನ್, ವುಡ್ ಸ್ಯಾಂಡ್‌ಪೈಪರ್ ಮೂರೂ ಒಂದೇ ಥರ ಕಾಣುತ್ತವೆ. ಫೋಟೋ ನೋಡಿ ಹೇಗೆ ಗುರುತಿಸುವುದು?

ಉತ್ತರ: ಮೊದಲು ಹೆಗಲು ನೋಡಿ. ಹಕ್ಕಿ ಅಡ್ಡಕ್ಕೆ ನಿಂತಿರುವ ಫೋಟೋ ಆರಿಸಿಕೊಳ್ಳಿ. ಹೊಟ್ಟೆಯ ಬಿಳುಪು ಮಡಚಿದ ರೆಕ್ಕೆಯ ಮುಂದಿನಿಂದ ಹೆಗಲಿನ ಕಡೆಗೆ ಚೂಪಾಗಿ ಮೇಲೇರಿದ್ದರೆ ಅದು ಕಾಮನ್ ಸ್ಯಾಂಡ್‌ಪೈಪರ್. ಎದೆಯ ಕಂದು ಬಣ್ಣಕ್ಕೂ ರೆಕ್ಕೆಗೂ ನಡುವಿನ ಈ ಬಿಳಿ ಸಂದು ದೂರದ ಫೋಟೋದಲ್ಲೂ ಕಾಣುತ್ತದೆ. ಅನುಮಾನ ಉಳಿದರೆ ಬಾಲ ನೋಡಿ. ಕಾಮನ್‌ನ ಬಾಲ ರೆಕ್ಕೆಯ ತುದಿ ದಾಟಿ ಚಾಚಿರುತ್ತದೆ. ಉಳಿದೆರಡರಲ್ಲಿ ರೆಕ್ಕೆ ಹೆಚ್ಚುಕಡಿಮೆ ಬಾಲದ ತುದಿಯವರೆಗೂ ಬಂದಿರುತ್ತದೆ. ಕಾಮನ್ ಕೆರೆಯಲ್ಲಷ್ಟೇ ಅಲ್ಲ, ಹೊಳೆಯ ಬಂಡೆಗಳ ಮೇಲೆ, ಅಘನಾಶಿನಿ ಅಳಿವೆಯಂಥ ಜಾಗದಲ್ಲೂ ಸಿಗುತ್ತದೆ. ಬಿಡುವಿಲ್ಲದೆ ಹಿಂಭಾಗ ಕುಣಿಸುತ್ತಿರುತ್ತದೆ. ಫೋಟೋದಲ್ಲಿ ಅದು ಬರುವುದಿಲ್ಲ ಅಲ್ವಾ? ಒಂದು ಸಣ್ಣ ವಿಡಿಯೋ ಕೂಡ ಮಾಡಿಟ್ಟುಕೊಳ್ಳಿ.

ಜಾಸ್ತಿ ಜನ ತಡವರಿಸುವುದು ಗ್ರೀನ್ ಮತ್ತು ವುಡ್ ನಡುವೆ. ಇಲ್ಲಿ ಹುಬ್ಬು ನೋಡಬೇಕು. ವುಡ್‌ನ ಬಿಳಿ ಹುಬ್ಬು ಕೊಕ್ಕಿನ ಬುಡದಿಂದ ಹೊರಟು, ಕಣ್ಣು ದಾಟಿ ಹಿಂದಕ್ಕೆ ಹೋಗುತ್ತದೆ. ಗ್ರೀನ್‌ನದು ಕಣ್ಣಿನ ಹತ್ತಿರವೇ ನಿಂತುಬಿಡುತ್ತದೆ, ಕಣ್ಣಿನ ಸುತ್ತ ಬಿಳಿ ಉಂಗುರ ಎದ್ದು ಕಾಣುತ್ತದೆ. ಬೆನ್ನೂ ಬೇರೆ. ವುಡ್‌ನದು ಕಂದು, ಅದರ ತುಂಬ ದಪ್ಪ ಮಾಸಲು ಚುಕ್ಕೆ. ಗ್ರೀನ್‌ನದು ಕಪ್ಪಿಗೆ ಹತ್ತಿರ, ಚುಕ್ಕೆಗಳು ಸಾಸಿವೆಯಷ್ಟು ಸಣ್ಣ. ಗ್ರೀನ್‌ನ ಎದೆಯ ಕಪ್ಪು ಬಿಳಿ ಹೊಟ್ಟೆಗೆ ಮುಟ್ಟುವಲ್ಲಿ ಗೆರೆ ಎಳೆದ ಹಾಗೆ ನಿಲ್ಲುತ್ತದೆ, ವುಡ್‌ನಲ್ಲಿ ಮೆಲ್ಲಗೆ ಕರಗುತ್ತದೆ.

ಕಾಲಿನ ಬಣ್ಣ ಒಂದನ್ನೇ ನಂಬಬೇಡಿ. ವುಡ್‌ಗೆ ಹಳದಿ ಛಾಯೆಯ ಕಾಲು, ಗ್ರೀನ್‌ಗೆ ಗಾಢ ಹಸಿರು ಛಾಯೆಯ ಕಾಲು ಎನ್ನುವುದು ನಿಜ. ಆದರೆ ಕಾಲಿಗೆ ಕೆಸರು ಮೆತ್ತಿದ್ದರೆ ಏನೂ ತಿಳಿಯುವುದಿಲ್ಲ. ಸಂಜೆ ಬಿಸಿಲಿನಲ್ಲಿ ಎಲ್ಲದರ ಕಾಲೂ ಹಳದಿಯೇ. ಗಾತ್ರವೂ ಅಷ್ಟೇ. ಮೂರೂ ಸುಮಾರು 20 ಸೆಂಟಿಮೀಟರಿನವು. ಗ್ರೀನ್ ತುಸು ದೊಡ್ಡದು, ಆದರೆ ಒಂದೇ ಹಕ್ಕಿ ಇರುವ ಫೋಟೋದಲ್ಲಿ ಅದು ಗೊತ್ತಾಗುವುದಿಲ್ಲ.

ಇನ್ನೊಂದು ವಿಷಯ ದಯವಿಟ್ಟು ನೆನಪಿಡಿ. ಹಕ್ಕಿ ಹಾರಿದಾಗ ಸಿಕ್ಕ ಮಸುಕು ಫೋಟೋವನ್ನು ಡಿಲೀಟ್ ಮಾಡಬೇಡಿ. ಚೆಂದದ ಫೋಟೋಗಳನ್ನಷ್ಟೇ ಇಟ್ಟುಕೊಂಡು ಇದನ್ನು ಅಳಿಸುವವರೇ ಹೆಚ್ಚು, ಗಟ್ಟಿ ಸಾಕ್ಷಿ ಇರುವುದು ಇದರಲ್ಲೇ. ರೆಕ್ಕೆಯ ಉದ್ದಕ್ಕೂ ಬಿಳಿ ಗೆರೆ ಇದ್ದು, ಬಾಲದ ಬುಡ ಕಂದಾಗಿದ್ದರೆ ಕಾಮನ್. ರೆಕ್ಕೆಯಲ್ಲಿ ಗೆರೆ ಇಲ್ಲದೆ, ಬಾಲದ ಬುಡ ಬೆಳ್ಳಗಿದ್ದರೆ ಉಳಿದೆರಡರಲ್ಲಿ ಒಂದು. ಆಗ ರೆಕ್ಕೆಯ ಅಡಿಭಾಗ ನೋಡಿ. ಕಪ್ಪಗಿದ್ದರೆ ಗ್ರೀನ್, ತೆಳು ಬೂದು ಬಣ್ಣವಿದ್ದರೆ ವುಡ್. ಬಾಲ ಬಿಚ್ಚಿಕೊಂಡಿದ್ದರೆ ಇನ್ನೂ ಒಳ್ಳೆಯದು: ಗ್ರೀನ್‌ಗೆ ಕೆಲವೇ ಅಗಲ ಪಟ್ಟೆಗಳು, ವುಡ್‌ಗೆ ತೆಳ್ಳಗಿನ ಹಲವು ಪಟ್ಟೆಗಳು.

ಹಾಗಂತ ಫೋಟೋಗಾಗಿ ಹಕ್ಕಿಯನ್ನು ಎಬ್ಬಿಸಬೇಡಿ. ಯುರೋಪ್, ಏಷ್ಯಾದ ಉತ್ತರ ಭಾಗಗಳಿಂದ ಸಾವಿರಾರು ಕಿಲೋಮೀಟರ್ ಹಾರಿ ಬರುವ ಹಕ್ಕಿಗಳು ಇವು. ಹೊಟ್ಟೆ ತುಂಬಿಸಿಕೊಳ್ಳಲಿ ಬಿಡಿ. ಸುಮ್ನೆ ಕಾದು ಕೂತರೆ ತಾವಾಗಿಯೇ ಹಾರುತ್ತವೆ.

ಫೋಟೋ ಕಳಿಸುವಾಗ ಜಾಗ ಎಂಥದು, ಎಷ್ಟು ಹಕ್ಕಿ ಇದ್ದವು ಎಂದೂ ಬರೆಯಿರಿ. ವುಡ್ ಗದ್ದೆ, ಕೆರೆಯಂಚಿನಲ್ಲಿ ಗುಂಪಾಗಿ ಸಿಗುವುದುಂಟು. ಗ್ರೀನ್ ಸಾಮಾನ್ಯವಾಗಿ ಒಂಟಿ, ಸಣ್ಣ ಹಳ್ಳ, ಕಾಲುವೆಯೂ ಅದಕ್ಕೆ ಸಾಕು. ಇಷ್ಟೆಲ್ಲ ನೋಡಿಯೂ ಖಾತ್ರಿಯಾಗದಿದ್ದರೆ ಊಹಿಸಿ ಹೆಸರು ಹಾಕಬೇಡಿ. ಹಕ್ಕಿ ನೋಡಿದ್ದನ್ನು ದಾಖಲಿಸುವ ಈಬರ್ಡ್ ಜಾಲತಾಣದಲ್ಲಿ, ಜಾತಿ ಖಚಿತವಾಗದ ಹಕ್ಕಿಯನ್ನು ಬರೀ ಗುಂಪಿನ ಹೆಸರಿನಲ್ಲಿ ದಾಖಲಿಸಲು ಅವಕಾಶ ಇದೆ.